ಬಾಟಲಿಯ ಮೇಲೆ ಊರ ಹೆಸರು

ಚೆನ್ನೈ: ಪಶ್ಚಿಮ ಮಾಂಬಲಂನಲ್ಲಿ ನಾಲ್ಕು ದಶಕಗಳಿಂದ ನೆಲೆಸಿರುವ ಹಿರಿಯ ಕನ್ನಡಿಗರೊಬ್ಬರು ಈಚೆಗೆ ಒಂದು ಶನಿವಾರ ಸಂಜೆ ನಗರದ ದೊಡ್ಡ ಹೋಟೆಲೊಂದರಲ್ಲಿ ಇಟಲಿಯ ವೈನುಗಳ ರುಚಿ ನೋಡುವ ಕೂಟಕ್ಕೆ ಹೋಗಿಬಂದರು. ಮೂಲತಃ ಮೂಡಿಗೆರೆ ತಾಲ್ಲೂಕಿನವರು. ಬಂದರಿನ ಕಚೇರಿಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಹುಟ್ಟಿದಾರಭ್ಯ ಮದ್ಯ ಮುಟ್ಟಿದವರಲ್ಲ. ಹಾಗಿದ್ದೂ ಅವರು ಅಲ್ಲಿಗೆ ಹೋಗಲು ಕಾರಣ ಸರಳವಾಗಿತ್ತು. ಮಗಳು ಮತ್ತು ಅಳಿಯ ಇಬ್ಬರ ಹೆಸರಿನಲ್ಲಿ ಹಣ ಕಟ್ಟಿಯಾಗಿತ್ತು, ಅಳಿಯನಿಗೆ ಕಡೇ ಗಳಿಗೆಯಲ್ಲಿ ಕಚೇರಿ ಕೆಲಸ ಬಿತ್ತು, ಕಟ್ಟಿದ ಹಣ ವಾಪಸು ಬರುವಂತಿರಲಿಲ್ಲ.

'ಕುಡೀಲೇಬೇಕು ಅಂತೇನಿಲ್ಲ ಅಪ್ಪಾ, ಅಲ್ಲಿ ಎಲ್ಲರೂ ಬಾಯಿಗೆ ಹಾಕ್ಕೊಂಡು ಉಗೀತಾರೆ' ಎಂದು ಮಗಳು ಹೇಳಿದಾಗ ಅವರು ನಂಬಲಿಲ್ಲ. ಸಾವಿರಗಟ್ಟಲೆ ಬೆಲೆಯ ಪದಾರ್ಥವನ್ನು ಉಗಿಯುವುದಕ್ಕೆ ಯಾರಾದರೂ ಹಣ ಕೊಡುತ್ತಾರೆಯೇ? ಅಲ್ಲಿ ಹೋಗಿ ನೋಡಿದರೆ ಮೇಜಿನ ಮೇಲೆ ಪ್ರತಿಯೊಬ್ಬರ ಮುಂದೆ ಐದು ಗಾಜಿನ ಲೋಟ, ಒಂದು ತಟ್ಟೆ ಬ್ರೆಡ್ಡು, ನೀರು, ಮತ್ತು ನಿಜವಾಗಿಯೂ ಉಗಿಯಲೆಂದೇ ಇಟ್ಟ ಒಂದು ಪಾತ್ರೆ!

ಆ ಸಂಜೆ ಅವರು ಕಲಿತದ್ದು ವೈನಿನ ಬಗ್ಗೆ ಸ್ವಲ್ಪ, ತಮ್ಮ ಊರಿನ ಬಗ್ಗೆ ಹೆಚ್ಚು. ಚೆನ್ನೈ ಕನ್ನಡಿಗರಲ್ಲಿ ಊರಲ್ಲಿ ಒಂದಿಷ್ಟು ತೋಟ, ಗದ್ದೆ ಉಳಿಸಿಕೊಂಡಿರುವವರು ಹಲವರಿದ್ದಾರೆ. ಅವರೆಲ್ಲರಿಗೂ ಈ ಸಂಗತಿ ಉಪಯೋಗವಾದೀತು.

ನೋಡು, ಮೂಸು, ಗುಟುಕರಿಸು, ಉಗಿ

ರುಚಿ ನೋಡುವ ಕೂಟವೆಂದರೆ ಪಾನಗೋಷ್ಠಿಯಲ್ಲ. ಪ್ರತಿ ಲೋಟಕ್ಕೆ ಸುಮಾರು ಐವತ್ತು ಮಿಲಿಲೀಟರಿನಷ್ಟು ಮಾತ್ರ ಸುರಿಯುತ್ತಾರೆ. ಲೋಟದ ಬಟ್ಟಲನ್ನು ಹಿಡಿಯಬಾರದು, ಕೆಳಗಿನ ಕಡ್ಡಿಯನ್ನು ಹಿಡಿಯಬೇಕು. ಕೈಯ ಬಿಸಿ ತಾಗಿದರೆ ರುಚಿ ಕೆಡುತ್ತದೆ. ಮೊದಲು ಬಿಳಿ ಕಾಗದದ ಮೇಲೆ ಲೋಟ ಓರೆಮಾಡಿ ಬಣ್ಣ ನೋಡಬೇಕು. ಆಮೇಲೆ ಮೆಲ್ಲಗೆ ಸುತ್ತಿಸಿ ಮೂಸಬೇಕು. ಕಡೆಗೆ ಒಂದು ಗುಟುಕು ಬಾಯಿಗೆ ತೆಗೆದುಕೊಂಡು, ನಾಲಿಗೆಯ ಎಲ್ಲ ಭಾಗಕ್ಕೂ ತಾಗಿಸಿ, ಬೇಕಾದರೆ ನುಂಗಬಹುದು, ಬೇಡವಾದರೆ ಪಾತ್ರೆಗೆ ಉಗಿಯಬಹುದು. ಇದನ್ನೇ ಕಸುಬು ಮಾಡಿಕೊಂಡವರು ಉಗಿದೇ ತೀರುತ್ತಾರೆ, ಇಲ್ಲದಿದ್ದರೆ ದಿನಕ್ಕೆ ಐವತ್ತು ಅರವತ್ತು ಬಗೆ ಪರೀಕ್ಷಿಸುವುದು ಸಾಧ್ಯವೇ ಇಲ್ಲ. ನಮ್ಮ ಹಿರಿಯರೂ ಐದಕ್ಕೆ ಐದನ್ನೂ ಉಗಿದರು.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕೆಂಬ ಹಳೆಯ ಮಾತು ಚೆನ್ನೈಗೆ ಅನ್ವಯಿಸುವುದಿಲ್ಲ ಎಂಬುದೂ ಅಲ್ಲಿ ತಿಳಿಯಿತು. ಆ ಮಾತು ಹುಟ್ಟಿದ್ದು ಯೂರೋಪಿನ ತಣ್ಣನೆಯ ಮನೆಗಳಲ್ಲಿ. ಕೆಂಪಿಗೆ 16ರಿಂದ 18 ಡಿಗ್ರಿ, ಬಿಳಿಗೆ 8ರಿಂದ 12 ಡಿಗ್ರಿ ಸೆಲ್ಸಿಯಸ್ ಹಿತ. ನಮ್ಮ ಮಾಂಬಲಂ ಮನೆಗಳ ಕೋಣೆಯ ಉಷ್ಣತೆ ವರ್ಷದ ಹೆಚ್ಚಿನ ದಿನ ಮೂವತ್ತರ ಮೇಲೆಯೇ ಇರುವುದರಿಂದ ಕೆಂಪನ್ನೂ ಇಲ್ಲಿ ಸ್ವಲ್ಪ ತಂಪು ಮಾಡಿಯೇ ಕೊಡುತ್ತಾರೆ.

ಒಂದು ಎಚ್ಚರದ ಮಾತನ್ನು ಇಲ್ಲೇ ಹೇಳಿಬಿಡಬೇಕು. ಆರೋಗ್ಯಕ್ಕೆ ಹಾನಿಯಿಲ್ಲದ ಮದ್ಯದ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ವೈನ್ ಕೂಡ ಮದ್ಯವೇ. ತಮಿಳುನಾಡಿನಲ್ಲಿ 21 ವರ್ಷ ತುಂಬದವರಿಗೆ ಮದ್ಯ ಕೊಡುವಂತಿಲ್ಲ. 2003ರಿಂದ ಚಿಲ್ಲರೆ ಮಾರಾಟ ಸರಕಾರದ ಟಾಸ್ಮ್ಯಾಕ್ ಕೈಯಲ್ಲಿದೆ. ಹೀಗಾಗಿ ಇಂಥ ಕೂಟಗಳು ಪರವಾನಗಿ ಇರುವ ಕಡೆಗಳಲ್ಲಿ ಮಾತ್ರ ನಡೆಯುತ್ತವೆ. ವಿದೇಶಿ ವೈನಿಗೆ ವರ್ಷಗಟ್ಟಲೆ ಶೇಕಡಾ 150ರ ಆಮದು ಸುಂಕ ಇದ್ದದ್ದರಿಂದ ಬೆಲೆಯೂ ಸಾಮಾನ್ಯರ ಕೈಗೆ ಎಟುಕುವಂಥದಾಗಿರಲಿಲ್ಲ.

ಒಗರಿಗೆ ನಮ್ಮಲ್ಲಿ ಮಾತಿದೆ

ಎಲ್ಲರ ಮುಂದೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಚೀಟಿ ಇಟ್ಟಿದ್ದರು. ಮೂರನೆಯ ಲೋಟದಲ್ಲಿ ಚೆರ್ರಿ ಹಣ್ಣಿನ ಪರಿಮಳ, ನಾಲ್ಕನೆಯದರಲ್ಲಿ ಗುಲಾಬಿ ಮತ್ತು ಡಾಂಬರಿನ ವಾಸನೆ ಎಂದೆಲ್ಲ ಬರೆದಿತ್ತು. ಚೆರ್ರಿ ಎಂದರೆ ಹಿರಿಯರಿಗೆ ಗೊತ್ತಿದ್ದದ್ದು ತೋಟದಲ್ಲಿ ಒಣಗಿಸುವ ಕಾಫಿ ಚೆರ್ರಿ ಒಂದೇ. ಆದರೆ ಮೂರನೆಯ ಲೋಟದ ಗುಟುಕು ನಾಲಿಗೆಯನ್ನು ಒಣಗಿಸಿ ಹಿಡಿದಾಗ ಅವರು ಮಗಳ ಕಡೆ ಬಾಗಿ 'ಇದು ಒಗರು ಕಣೇ, ಅರೆಹಣ್ಣಾದ ನೇರಳೆ ತಿಂದ ಹಾಗೆ' ಎಂದರು.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲಿರುವ ಟ್ಯಾನಿನ್ ಎಂಬ ವಸ್ತು ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಂಡಾಗ ಬಾಯಿ ಒಣಗಿದಂತಾಗುತ್ತದೆ. ಇದೇ ಟ್ಯಾನಿನ್ ಎಳೆ ಅಡಿಕೆಯಲ್ಲಿದೆ, ನೇರಳೆಯಲ್ಲಿದೆ, ಕಡುಚಹಾದಲ್ಲಿದೆ. ಸಿಹಿ, ಹುಳಿ, ಉಪ್ಪು, ಖಾರ, ಕಹಿಗಳ ಜೊತೆಗೆ ಒಗರನ್ನೂ ಸೇರಿಸಿ ಷಡ್ರಸ ಎಂದವರು ನಾವು. ಊಟದೆಲೆಯ ಮುಂದೆ ಬೆಳೆದ ಕನ್ನಡಿಗನಿಗೆ ರುಚಿ ಹೇಳಲು ಮಾತಿನ ಬಡತನವಿಲ್ಲ. ಆ ಮಾತನ್ನು ಅಲ್ಲಿ ಆಡಲು ಸಂಕೋಚ, ಅಷ್ಟೆ.

ಇಟಲಿಯವರು ವೈನನ್ನು ಸಾಮಾನ್ಯವಾಗಿ ಊಟದ ಜೊತೆಗೇ ಕುಡಿಯುತ್ತಾರೆ ಎಂಬುದೂ ತಿಳಿಯಿತು. ಟೊಮೆಟೊ ಹುಳಿಯ ಅಡಿಗೆಗೆ ಹುಳಿಯಿರುವ ಕೆಂಪು ವೈನ್ ಹೊಂದುತ್ತದೆ. ಒಗರು ಹೆಚ್ಚಿದ್ದರೆ ನಮ್ಮ ಮೆಣಸಿನಕಾಯಿ ಖಾರಕ್ಕೆ ಹೊಂದುವುದಿಲ್ಲ, ಉರಿ ಇನ್ನೂ ಏರುತ್ತದೆ.

ಗಡಿ ಹಾಕಿ ಕಾಯ್ದ ಹೆಸರು

ಹಿರಿಯರ ಗಮನ ಸೆಳೆದದ್ದು ಲೋಟಕ್ಕಿಂತ ಬಾಟಲಿ. ಲೆಕ್ಕ ಬರೆದ ಕಣ್ಣು ಮೊದಲು ಚೀಟಿಯನ್ನೇ ಓದುತ್ತದೆ. ಐದು ಬಾಟಲಿಯಲ್ಲಿ ಐದರ ಮೇಲೂ ದೊಡ್ಡ ಅಕ್ಷರದಲ್ಲಿದ್ದದ್ದು ಊರಿನ ಅಥವಾ ಸೀಮೆಯ ಹೆಸರು. ಪ್ರೊಸೆಕ್ಕೊ ಒಂದು ಊರು. ಸೊಆವೆ ವೆರೋನಾ ನಗರದ ಹತ್ತಿರದ ಊರು. ಕಿಯಾಂಟಿ ಬೆಟ್ಟಗಳ ಸೀಮೆ. ಬರೋಲೊ ಒಂದು ಹಳ್ಳಿ. ಕಡೆಯ ಸಿಹಿ ವೈನ್ ಮೊಸ್ಕಾಟೊ ಬಂದದ್ದು ಆಸ್ತಿ ಎಂಬ ಪಟ್ಟಣದ ಸೀಮೆಯಿಂದ. ಇಟಲಿಯಲ್ಲಿ ಊರ ಹೆಸರೇ ಆಸ್ತಿ ಎಂದು ಮಗಳು ನಕ್ಕಳು. ಆ ಮಾತಿನಲ್ಲಿ ತಮಾಷೆಗಿಂತ ನಿಜವೇ ಹೆಚ್ಚಿತ್ತು.

ಕಿಯಾಂಟಿಯ ಗಡಿಯನ್ನು ಟಸ್ಕನಿಯ ದೊರೆ ಮೂರನೆಯ ಕೋಸಿಮೊ ಡಿ ಮೆಡಿಚಿ 1716ರಲ್ಲೇ ಆಜ್ಞೆ ಹೊರಡಿಸಿ ಗುರುತಿಸಿದ. ಆ ಗಡಿಯ ಹೊರಗೆ ಬೆಳೆದದ್ದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ ಎಂದು ಕಟ್ಟು ಮಾಡಿದ. 1924ರಲ್ಲಿ ಅಲ್ಲಿನ ಬೆಳೆಗಾರರೇ ಸಂಘ ಕಟ್ಟಿಕೊಂಡು ಕಪ್ಪು ಹುಂಜವನ್ನು ಗುರುತಾಗಿ ಇಟ್ಟುಕೊಂಡರು. ಹಳೆಯ ಸೀಮೆಯ ಕಿಯಾಂಟಿ ಕ್ಲಾಸಿಕೊ ಆಗಬೇಕಾದರೆ ಅದರಲ್ಲಿ ಶೇಕಡಾ 80ಕ್ಕೆ ಕಡಿಮೆಯಿಲ್ಲದಂತೆ ಸಾಂಜೊವೇಸೆ ಎಂಬ ದ್ರಾಕ್ಷಿಯೇ ಇರಬೇಕು.

ಬರೋಲೊ ನಿಯಮ ಇನ್ನೂ ಬಿಗಿ. ಹನ್ನೊಂದು ಹಳ್ಳಿಗಳ ಎಲ್ಲೆಯೊಳಗೆ ಬೆಳೆದ ನೆಬ್ಬಿಯೊಲೊ ಎಂಬ ಒಂದೇ ಜಾತಿಯ ದ್ರಾಕ್ಷಿಯಾಗಿರಬೇಕು. ಕೊಯ್ಲಾದ ಮೇಲೆ 38 ತಿಂಗಳು ಇಟ್ಟು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ ಹಣ್ಣಾಗಿಸದೆ ಮಾರುವಂತಿಲ್ಲ. ಬಾಟಲಿಯ ಕತ್ತಿಗೆ ಸರಕಾರ ಕೊಟ್ಟ ನಂಬರು ಹಾಕಿದ ಕಾಗದದ ಪಟ್ಟಿ ಇರುತ್ತದೆ. ಚೆಕ್ ಹಾಳೆಗೆ ನಂಬರು ಇದ್ದಂತೆ, ಎಷ್ಟು ಪಟ್ಟಿ ಕೊಟ್ಟಿತೋ ಅಷ್ಟೇ ಬಾಟಲಿ.

ಪ್ರೊಸೆಕ್ಕೊ ಕಥೆ ಎಲ್ಲಕ್ಕಿಂತ ಸ್ವಾರಸ್ಯದ್ದು. ನೊರೆಗುಳ್ಳೆಯ ಈ ವೈನಿಗೆ ಬಳಸುವ ದ್ರಾಕ್ಷಿಯ ಹೆಸರೂ ಪ್ರೊಸೆಕ್ಕೊ ಎಂದೇ ಇತ್ತು. ದ್ರಾಕ್ಷಿ ಜಾತಿಯ ಹೆಸರು ಯಾರ ಸೊತ್ತೂ ಅಲ್ಲ, ಯಾವ ದೇಶದವರು ಬೇಕಾದರೂ ಬಳ್ಳಿ ನೆಟ್ಟು ಆ ಹೆಸರು ಇಡಬಹುದು. ಹೊರದೇಶದವರು ಹಾಗೆ ಮಾಡತೊಡಗಿದಾಗ ಇಟಲಿಯವರು 2009ರಲ್ಲಿ ದ್ರಾಕ್ಷಿಯ ಹೆಸರನ್ನೇ ಗ್ಲೇರಾ ಎಂದು ಬದಲಿಸಿದರು. ಟ್ರಿಯೆಸ್ಟ್ ನಗರದ ಹತ್ತಿರ ಇರುವ ಪ್ರೊಸೆಕ್ಕೊ ಎಂಬ ಹಳ್ಳಿ ಒಳಗೆ ಬರುವಂತೆ ಗಡಿ ಎಳೆದು, ಹೆಸರು ಹಣ್ಣಿನದಲ್ಲ ಊರಿನದು ಎಂದು ಕಾನೂನಿನಲ್ಲಿ ಬರೆಸಿದರು. ಹೆಸರಿಗಾಗಿ ಹಣ್ಣಿಗೇ ಮರುನಾಮಕರಣ ಮಾಡಿದ ಜನ ಅವರು!

ಹೆಸರು ಕೆಟ್ಟಾಗ ಏನಾಗುತ್ತದೆ ಎಂಬುದನ್ನೂ ಅವರು ಅನುಭವಿಸಿದ್ದಾರೆ. 1986ರಲ್ಲಿ ಅಲ್ಲಿನ ಕೆಲವು ವ್ಯಾಪಾರಿಗಳು ಅಗ್ಗದ ವೈನಿಗೆ ಮೆಥನಾಲ್ ಬೆರೆಸಿ ಮಾರಿದ್ದರಿಂದ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು, ಹಲವರು ಕಣ್ಣು ಕಳೆದುಕೊಂಡರು. ಹೊರದೇಶಗಳಲ್ಲಿ ಇಟಲಿಯ ವೈನ್ ಕೊಳ್ಳುವವರು ಹಿಂದೆಗೆದರು. ಕಲಬೆರಕೆ ಮಾಡದ ಬೆಳೆಗಾರರೂ ನಷ್ಟ ಉಂಡರು. 2024ರ ಜೂನ್ ತಿಂಗಳಲ್ಲಿ ನಮ್ಮ ಪಕ್ಕದ ಕಳ್ಳಕುರಿಚಿಯಲ್ಲಿ ಅರವತ್ತಕ್ಕೂ ಹೆಚ್ಚು ಬಡವರ ಪ್ರಾಣ ತೆಗೆದದ್ದೂ ಇದೇ ಮೆಥನಾಲ್. ಇಟಲಿಯಲ್ಲಿ ಈ ದುರಂತದ ನಂತರ ಪರೀಕ್ಷೆ ಬಿಗಿಯಾಯಿತು, 1992ರಲ್ಲಿ ವೈನಿನ ಕಾನೂನನ್ನೇ ಹೊಸದಾಗಿ ಬರೆದರು. ಊರ ಹೆಸರು ಬಾಟಲಿಯ ಮೇಲಿದ್ದರೆ ಊರಿಗೆ ಲಾಭ, ಊರಿಗೆ ಹೊಣೆ ಎರಡೂ ಬರುತ್ತವೆ.

ನಮ್ಮ ದ್ರಾಕ್ಷಿಯ ಕಥೆ

ಕೂಟದಲ್ಲಿ ಯಾರೋ ಇಂಥದ್ದು ನಮ್ಮಲ್ಲಿ ಬೆಳೆಯುವುದಿಲ್ಲವೇ ಎಂದು ಕೇಳಿದರು. ಬೆಳೆಯುತ್ತದೆ. ಕಿಯಾಂಟಿಯ ಸಾಂಜೊವೇಸೆ ಬಳ್ಳಿ ಇಂದು ಕೊಪ್ಪಳ ಜಿಲ್ಲೆಯಲ್ಲಿ, ಹಂಪಿಯ ಕಡೆಯ ಕಲ್ಲುಗುಡ್ಡಗಳ ನಡುವೆ ಕೃಷ್ಮಾ ಎಸ್ಟೇಟಿನಲ್ಲಿದೆ. ಕನ್ನಡಿಗರು ಬಹಳವಾಗಿರುವ ಸೊಲ್ಲಾಪುರ ಜಿಲ್ಲೆಯ ಅಕಲೂಜಿನಲ್ಲೂ ಇದೆ. ಅಲ್ಲಿನ ಕಂಪನಿಗೆ ಇಟಲಿ ಭಾಷೆಯಲ್ಲಿ ಅಣ್ಣತಮ್ಮಂದಿರು ಎಂಬ ಅರ್ಥದ ಫ್ರಾಟೆಲ್ಲಿ ಎಂಬ ಹೆಸರು. ಇಟಲಿಯ ಇಬ್ಬರು ಸೋದರರು, ನಮ್ಮ ದೇಶದ ಎರಡು ಮನೆತನದ ಸೋದರರು ಸೇರಿ ಕಟ್ಟಿದ್ದು. ಟಸ್ಕನಿಯಿಂದ ಬಂದ ಪಿಯೆರೊ ಮಾಸಿ ಎಂಬ ಅನುಭವಿ ಅಲ್ಲಿ ವೈನ್ ತಯಾರಿಕೆಯ ಹೊಣೆ ಹೊತ್ತರು. ನಂದಿಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಕುಟುಂಬ 1980ರ ದಶಕದಲ್ಲೇ ಫ್ರಾನ್ಸಿನ ಬಳ್ಳಿಗಳನ್ನು ತಂದು ನೆಟ್ಟಿತ್ತು. ಕರ್ನಾಟಕ ಸರಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು.

ಆದರೆ ನಮ್ಮದೇ ಎನ್ನಬಹುದಾದ ದ್ರಾಕ್ಷಿ ಬೆಂಗಳೂರು ನೀಲಿ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ರೈತರು ತಲೆಮಾರುಗಳಿಂದ ಬೆಳೆಸಿದ್ದು. ದಪ್ಪ ಸಿಪ್ಪೆ, ಮೂಗಿಗೆ ಮೊದಲೇ ಬಡಿಯುವ ಪರಿಮಳ. ಅದಕ್ಕೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಗುರುತು ಸಿಗುವ ಹೊತ್ತಿಗೆ ದೇವನಹಳ್ಳಿಯ ಸುತ್ತ 2008ರಲ್ಲಿ ಬಂದ ವಿಮಾನ ನಿಲ್ದಾಣದ ಜೊತೆ ನಿವೇಶನ, ಬಡಾವಣೆಗಳೂ ಬಂದಿದ್ದವು. ಹೆಸರು ರಿಜಿಸ್ಟರಿನಲ್ಲಿ ಉಳಿದು ಚಪ್ಪರ ನೆಲಕ್ಕೆ ಬಿದ್ದರೆ ಅಂಥ ಹೆಸರಿನಿಂದ ರೈತನಿಗೆ ಏನು ಬಂತು?

ಕಡೆಗೆ ಬಂದ ಕಾಫಿ

ಐದು ಲೋಟ ಮುಗಿದ ಮೇಲೆ ಪುಟ್ಟ ಪಿಂಗಾಣಿ ಬಟ್ಟಲುಗಳಲ್ಲಿ ಎಸ್ಪ್ರೆಸ್ಸೊ ಬಂತು. ಹಿರಿಯರು ಆ ಸಂಜೆ ನುಂಗಿದ್ದು ಅದೊಂದನ್ನೇ. ಮೇಲೆ ಕಂದು ನೊರೆ, ಕೆಳಗೆ ಗಟ್ಟಿ ಡಿಕಾಕ್ಷನ್. ನಾಲಿಗೆಗೆ ತಾಗಿದೊಡನೆ ಅವರ ಮುಖ ಬದಲಾಯಿತು ಎಂದು ಮಗಳು ಹೇಳುತ್ತಾಳೆ. 'ಇದು ಎಲ್ಲಿಯ ಕಾಫಿ?' ಎಂದು ಬಡಿಸುವವನನ್ನು ಕೇಳಿದರು. 'ಇಟಲಿಯದು ಸಾರ್' ಎಂದು ಉತ್ತರ ಬಂತು.

ಇಟಲಿಯಲ್ಲಿ ವ್ಯಾಪಾರಕ್ಕೆ ಕಾಫಿ ಬೆಳೆಯುವುದಿಲ್ಲ. ಅಲ್ಲಿ ಹುರಿಯುತ್ತಾರೆ, ಬೆರೆಸುತ್ತಾರೆ, ಪೊಟ್ಟಣ ಕಟ್ಟುತ್ತಾರೆ. ಬೀಜ ಬರುವುದು ಹೊರಗಿನಿಂದ. ಭಾರತದ ಕಾಫಿಗೆ ವರ್ಷಗಳಿಂದ ಅತಿ ದೊಡ್ಡ ಗಿರಾಕಿ ಇಟಲಿಯೇ. ಭಾರತದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಬೆಳೆಯುವುದು ಕರ್ನಾಟಕದ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ಎಸ್ಪ್ರೆಸ್ಸೊ ಮೇಲಿನ ಆ ಕಂದು ನೊರೆಗೆ, ಗಟ್ಟಿತನಕ್ಕೆ ರೊಬಸ್ಟಾ ಬೇಕು. ಮರದ ನೆರಳಿನಲ್ಲಿ ಬೆಳೆದು, ಸಿಪ್ಪೆ ತೆಗೆದು ತೊಳೆದ ನಮ್ಮ ರೊಬಸ್ಟಾಕ್ಕೆ ಅಲ್ಲಿ ಒಳ್ಳೆಯ ಬೇಡಿಕೆ. ಅದರ ಉತ್ತಮ ದರ್ಜೆಗೆ ಕಾಫಿ ಮಂಡಳಿ ಇಟ್ಟ ಹೆಸರು ಕಾಪಿ ರಾಯಲ್.

ಅಂದರೆ ಆ ಬಟ್ಟಲಲ್ಲಿ ಮಲೆನಾಡಿನ ಬೀಜವೂ ಒಂದು ಪಾಲು ಇದ್ದಿರಬಹುದು. ಇತ್ತೋ ಇಲ್ಲವೋ ಹೇಳುವಂತಿಲ್ಲ, ಏಕೆಂದರೆ ಪೊಟ್ಟಣದ ಮೇಲೆ ಊರ ಹೆಸರಿಲ್ಲ. ಹುರಿಯುವವರು ಹಲವು ದೇಶಗಳ ಬೀಜ ಬೆರೆಸಿ ಪ್ರತಿ ವರ್ಷ ಒಂದೇ ರುಚಿ ಬರುವಂತೆ ನೋಡಿಕೊಳ್ಳುತ್ತಾರೆ. ಒಂದು ಕಡೆಯ ಫಸಲು ಕೆಟ್ಟರೆ ಇನ್ನೊಂದು ಕಡೆಯದನ್ನು ಹಾಕುತ್ತಾರೆ. ಅದರಲ್ಲಿ ಮೋಸವೇನೂ ಇಲ್ಲ, ಅದು ಅವರ ವ್ಯಾಪಾರದ ರೀತಿ. ಆದರೆ ಇಟಲಿಯ ಹನ್ನೊಂದು ಹಳ್ಳಿಗಳ ಹೆಸರು ನಂಬರು ಪಟ್ಟಿಯ ಸಮೇತ ಚೆನ್ನೈಗೆ ಬಂದು ತಲುಪಿತು, ಮೂಡಿಗೆರೆಯ ಹೆಸರು ಮಾತ್ರ ಮಂಗಳೂರಿನಲ್ಲಿ ಹಡಗು ಹತ್ತುವ ಮೊದಲೇ ಅಳಿಸಿಹೋಗುತ್ತದೆ ಎಂಬುದು ಹಿರಿಯರನ್ನು ಕೊರೆಯಿತು.

ಇದರಲ್ಲಿ ಇನ್ನೊಂದು ವಿಚಿತ್ರವಿದೆ. ರೋಮಿನ ಪಿಯೆತ್ರೊ ಡೆಲ್ಲಾ ವಾಲೆ ಎಂಬ ಪ್ರವಾಸಿ 1615ರಲ್ಲಿ ಇಸ್ತಾಂಬುಲಿನಿಂದ ಬರೆದ ಪತ್ರದಲ್ಲಿ ಕಾಫಿಯ ವಿಷಯ ಬಣ್ಣಿಸಿ, ಊರಿಗೆ ಮರಳುವಾಗ ಸ್ವಲ್ಪ ತರುತ್ತೇನೆ ಎಂದಿದ್ದ. ಅದೇ ಮನುಷ್ಯ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ನಮ್ಮ ಇಕ್ಕೇರಿಗೆ ಬಂದು ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನ ಕಂಡ. ಆಗ ಮಲೆನಾಡಿನಲ್ಲಿ ಕಾಫಿ ಗಿಡ ಇರಲಿಲ್ಲ. ಬಾಬಾ ಬುಡನ್ ಅವರು ಯೆಮೆನಿನ ಮೋಕಾ ಬಂದರಿನಿಂದ ಏಳು ಬೀಜ ತಂದು ಚಂದ್ರಗಿರಿಯಲ್ಲಿ ನೆಟ್ಟರು ಎಂಬ ಪ್ರತೀತಿಯ ಕಾಲ ಅದೇ ಶತಮಾನದಲ್ಲಿ ಆಮೇಲಿನದು.

ಹೆಸರು ಅಳಿಸಿದ್ದು ಹೇಗೆ?

ಕಾಫಿಯ ಮೇಲಿನ ಊರ ಹೆಸರು ಅಳಿಸಲು ಒಂದು ಹಳೆಯ ಕಾರಣವೂ ಇದೆ. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿ ಬೆಳೆಗಾರರು ಕಂಗಾಲಾದಾಗ 1942ರ ಕಾಫಿ ಕಾಯಿದೆಯಂತೆ ಎಲ್ಲರ ಫಸಲನ್ನೂ ಮಂಡಳಿಯ ಪೂಲಿಗೆ ಒಪ್ಪಿಸುವ ಪದ್ಧತಿ ಬಂತು. ಮಂಡಳಿ ದರ್ಜೆ ಕಟ್ಟಿ, ಹರಾಜಿನಲ್ಲಿ ಮಾರಿ, ಕಂತು ಕಂತಾಗಿ ಹಣ ಕೊಡುತ್ತಿತ್ತು. ಆ ಪೂಲ್ ಅನೇಕ ಸಣ್ಣ ಬೆಳೆಗಾರರನ್ನು ಉಳಿಸಿತು ಎಂಬುದನ್ನು ಮರೆಯಬಾರದು. ಆದರೆ ರಾಶಿಗೆ ಬಿದ್ದ ಮೇಲೆ ಯಾರ ತೋಟದ್ದು ಎಂಬುದು ಉಳಿಯಲಿಲ್ಲ. ಚೆನ್ನಾಗಿ ಹಣ್ಣು ಆರಿಸಿ ಕೊಯ್ದವನದೂ ಒಂದೇ ರಾಶಿ, ಕಾಯಿ ಹಣ್ಣು ಒಟ್ಟಿಗೆ ಉದುರಿಸಿದವನದೂ ಅದೇ ರಾಶಿ. 1992ರ ನಂತರ ಹಂತ ಹಂತವಾಗಿ ಬಿಗಿ ಸಡಿಲಿಸಿ, 1996ರಲ್ಲಿ ಬೆಳೆಗಾರರಿಗೆ ಪೂರ್ಣ ಮಾರಾಟದ ಸ್ವಾತಂತ್ರ್ಯ ಕೊಟ್ಟರು. ಅಷ್ಟರಲ್ಲಿ ಐವತ್ತು ವರ್ಷ ಕಳೆದಿತ್ತು.

ಹಾಗೆಂದು ನಮ್ಮಲ್ಲಿ ನಾಲಿಗೆ ಇರಲಿಲ್ಲವೆಂದಲ್ಲ. ಕಾಫಿ ಮಂಡಳಿಯಲ್ಲಿ ದುಡಿದು, ಮುಂದೆ ಬೆಂಗಳೂರಿನಲ್ಲಿ ಕಾಫಿಲ್ಯಾಬ್ ಸ್ಥಾಪಿಸಿದ ಸುನಲಿನಿ ಮೆನನ್ ಅವರನ್ನು ಏಷ್ಯಾದ ಮೊದಲ ವೃತ್ತಿಪರ ಮಹಿಳಾ ಕಾಫಿ ರುಚಿ ಪರೀಕ್ಷಕಿ ಎಂದು ಹೊರದೇಶದವರೂ ಗೌರವಿಸುತ್ತಾರೆ. ಕಾಫಿಯ ರುಚಿ ಪರೀಕ್ಷೆಯೂ ವೈನಿನದರಂತೆಯೇ: ಮೂಸು, ಚಮಚದಿಂದ ಸೊರ್ರೆಂದು ಎಳೆ, ಉಗಿ.

ಈಗ ಹೆಸರನ್ನು ಮರಳಿ ಪಡೆಯುವ ದಾರಿಯೂ ತೆರೆದಿದೆ. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ವಯನಾಡು ರೊಬಸ್ಟಾ, ಅರಕು ಕಣಿವೆ ಅರೇಬಿಕಾ ಎಂಬ ಐದು ಹೆಸರುಗಳಿಗೆ ಭೌಗೋಳಿಕ ಗುರುತು ಸಿಕ್ಕಿತು. ಈ ಐದರಲ್ಲಿ ರೊಬಸ್ಟಾ ಹೆಸರಿನಲ್ಲಿ ಬಂದದ್ದು ವಯನಾಡಿನದು ಮಾತ್ರ. ಇಟಲಿ ಹೆಚ್ಚಾಗಿ ಕೊಳ್ಳುವ ರೊಬಸ್ಟಾಕ್ಕೆ ಆ ಪಟ್ಟಿಯಲ್ಲಿ ಕರ್ನಾಟಕದ ಊರ ಹೆಸರಿಲ್ಲ.

ಚೆನ್ನೈ ಕನ್ನಡಿಗರು ಹೆಮ್ಮೆಪಡಬೇಕಾದ ಒಂದು ಮಾತು: ಈ ಹೆಸರುಗಳನ್ನು ದಾಖಲಿಸುವ ಇಡೀ ದೇಶದ ರಿಜಿಸ್ಟ್ರಿ ಇರುವುದು ನಮ್ಮ ಗಿಂಡಿಯಲ್ಲಿ. ಮಾಂಬಲಂ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತಿದರೆ ಎರಡನೆಯ ನಿಲ್ದಾಣ. ಫ್ರಾನ್ಸಿನ ಶಾಂಪೇನ್, ಸ್ಕಾಟ್ಲೆಂಡಿನ ವಿಸ್ಕಿ, ಇಟಲಿಯ ಪಾರ್ಮಾ ಹ್ಯಾಮ್ ಕೂಡ ಭಾರತದಲ್ಲಿ ತಮ್ಮ ಹೆಸರು ಕಾಯ್ದುಕೊಳ್ಳಲು ಅಲ್ಲಿಯೇ ನೋಂದಣಿ ಮಾಡಿಸಿವೆ. ನೋಂದಣಿ ಹತ್ತು ವರ್ಷಕ್ಕೆ, ಆಮೇಲೆ ನವೀಕರಿಸಬೇಕು. ಊರಿನ ಬೆಳೆಗಾರ ತಾನು ಆ ಹೆಸರು ಬಳಸಬೇಕಾದರೆ ಅಧಿಕೃತ ಬಳಕೆದಾರನೆಂದು ಬೇರೆಯಾಗಿ ಅರ್ಜಿ ಹಾಕಿಕೊಳ್ಳಬೇಕು. ಖಾತೆ ತೆರೆದ ಮಾತ್ರಕ್ಕೆ ಹಣ ಬಂದು ಬೀಳುವುದಿಲ್ಲ, ವ್ಯವಹಾರ ನಡೆಸಬೇಕು.

ಮನೆಯಲ್ಲೇ ರುಚಿ ಪರೀಕ್ಷೆ

ವೈನ್ ಕೂಟಕ್ಕೆ ಹೋಗದವರೂ, ಹೋಗಲು ಮನಸ್ಸಿಲ್ಲದವರೂ ಇದೇ ಪಾಠವನ್ನು ಮನೆಯಲ್ಲಿ ಕಲಿಯಬಹುದು. ಸಂಘದ ಮಹಿಳಾ ವಿಭಾಗದವರು, ಮಕ್ಕಳ ಸಮೇತ ಬರುವವರು ಸೇರಿ ಮಾಡಬಹುದಾದ ಕೆಲಸ ಇದು.

ಮೂರು ಬೇರೆ ಬೇರೆ ಕಡೆಯ, ಚಿಕೋರಿ ಬೆರೆಸದ ಕಾಫಿಪುಡಿ ತನ್ನಿ. ಈಗೀಗ ಬೆಂಗಳೂರು, ಚೆನ್ನೈಗಳಲ್ಲಿ ತೋಟದ ಹೆಸರನ್ನೇ ಪೊಟ್ಟಣದ ಮೇಲೆ ಅಚ್ಚುಹಾಕಿ ಮಾರುವವರಿದ್ದಾರೆ. ತರಿತರಿಯಾಗಿ ಬೀಸಿದ ಪುಡಿ ಎಂಟೂಕಾಲು ಗ್ರಾಂ ಒಂದು ಬಟ್ಟಲಿಗೆ ಹಾಕಿ, ಮೊದಲು ಒಣಪುಡಿಯನ್ನು ಮೂಸಿ. ನೀರು ಕುದಿ ಬಂದ ಮೇಲೆ ಅರೆ ನಿಮಿಷ ಬಿಟ್ಟು 150 ಮಿಲಿಲೀಟರ್ ಸುರಿಯಿರಿ. ನಾಲ್ಕು ನಿಮಿಷ ಕಳೆದು ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಸರಿಸುತ್ತ ಮೂಗು ಹತ್ತಿರ ತನ್ನಿ. ಪುಡಿ ತಳಕ್ಕೆ ಇಳಿದು ಸ್ವಲ್ಪ ಆರಿದ ಮೇಲೆ ಚಮಚದಿಂದ ಜೋರಾಗಿ ಎಳೆದು ರುಚಿ ನೋಡಿ. ಹಾಲು ಸಕ್ಕರೆ ಬೇಡ. ಯಾವುದು ಹುಳಿ, ಯಾವುದು ಕಹಿ, ಯಾವುದು ಒಗರು ಎಂದು ಕನ್ನಡದಲ್ಲೇ ಬರೆದುಕೊಳ್ಳಿ.

ಹಾಗೆಯೇ ದಿನವೂ ತರುವ ಫಿಲ್ಟರ್ ಪುಡಿಯ ಪೊಟ್ಟಣವನ್ನು ತಿರುಗಿಸಿ ಓದಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕೆ ಕಡಿಮೆ ಇರಬಾರದು, ಎರಡರ ಪ್ರಮಾಣವನ್ನೂ ಮುದ್ರಿಸಿರಬೇಕು ಎಂಬುದು ಆಹಾರ ಸುರಕ್ಷತಾ ನಿಯಮ. ನೂರಕ್ಕೆ ನಲವತ್ತೊಂಬತ್ತು ಪಾಲು ಚಿಕೋರಿ ಕುಡಿದು ಅದನ್ನೇ ಚಿಕ್ಕಮಗಳೂರು ಕಾಫಿ ಎಂದುಕೊಂಡರೆ ತಪ್ಪು ಇಟಲಿಯವರದಲ್ಲ.

'ತೂಕ ಬರುತ್ತೆ ಅಷ್ಟೆ'

ಮಾಂಬಲಂನ ಹಿರಿಯರಿಗೆ ಈ ಸಂಗತಿ ಅಂದಿನ ಕೂಟಕ್ಕೇ ಮುಗಿಯಲಿಲ್ಲ. ಊರಿನಲ್ಲಿ ಅವರ ತಮ್ಮ ನೋಡಿಕೊಳ್ಳುತ್ತಿರುವ ಆರು ಎಕರೆ ತೋಟ ಇಬ್ಬರ ಹೆಸರಿನಲ್ಲಿದೆ. ಕೂಲಿಯಾಳು ಸಿಗುವುದಿಲ್ಲ, ಕಾಡಾನೆ ಕಾಟ, ಮಕ್ಕಳು ಬೆಂಗಳೂರಿನಲ್ಲಿ. ರೆಸಾರ್ಟ್ ಕಟ್ಟುವವರೊಬ್ಬರು ಬೆಲೆ ಕೇಳಿದ್ದಾರೆ. 2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಇಲ್ಲದಷ್ಟು ಏರಿದಾಗ ಮಾರುವ ಮಾತು ನಿಂತಿತ್ತು. ಆದರೆ ಬೆಲೆ ಏರಿದ್ದು ಇಳಿಯುವುದೂ ಉಂಟು ಎಂದು ತಮ್ಮ ಮತ್ತೆ ಕಾಗದ ಪತ್ರ ಸಿದ್ಧಮಾಡಿಸಿದ್ದರು. ಅಣ್ಣನ ರುಜು ಒಂದು ಬಾಕಿ.

ಕೂಟದ ಮರುದಿನ ಅವರು ಫೋನ್ ಮಾಡಿ ಕೇಳಿದ್ದು ರುಜುವಿನ ವಿಷಯವಲ್ಲ. 'ನಮ್ಮ ಮೂಟೆ ಮೇಲೆ ಊರ ಹೆಸರು ಬರೀತಾರೇನೋ?' ಎಂದರು. ತಮ್ಮನಿಗೆ ನಗು ಬಂತು. 'ಹೆಸರೆಲ್ಲಿ ಬರುತ್ತೆ ಅಣ್ಣಯ್ಯಾ, ತೂಕ ಬರುತ್ತೆ ಅಷ್ಟೆ. ಏಜೆಂಟರು ತೇವ ನೋಡ್ತಾರೆ, ಓಟಿ ನೋಡ್ತಾರೆ, ರೇಟ್ ಹೇಳ್ತಾರೆ.' ಓಟಿ ಎಂದರೆ ಔಟ್‌ಟರ್ನ್, ಅಂದರೆ ಚೆರ್ರಿಯ ಮೂಟೆಯಲ್ಲಿ ಸಿಪ್ಪೆ ಕಳೆದು ಎಷ್ಟು ಬೀಜ ಉಳಿಯುತ್ತದೆ ಎಂಬ ಲೆಕ್ಕ. ರುಚಿಯ ಕಾಲಂ ಆ ಲೆಕ್ಕದಲ್ಲಿ ಇಲ್ಲ.

'ನೀನು ನಮ್ಮ ಕಾಫಿನ ಹಾಲಿಲ್ಲದೆ ಕುಡಿದಿದ್ದೀಯಾ?' ಎಂದು ಅಣ್ಣ ಕೇಳಿದರು. ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು 'ಇಲ್ಲ' ಎಂದರು. ಅರವತ್ತು ವರ್ಷ ತೋಟದಲ್ಲೇ ಕಳೆದವರ ಉತ್ತರ ಅದು. ಅಣ್ಣನದೂ ಬೇರೆಯಿರಲಿಲ್ಲ.

ಹದಿನೈದು ದಿನ ಬಿಟ್ಟು ಮಾಂಬಲಂಗೆ ಬಸ್ಸಿನಲ್ಲಿ ಒಂದು ಪಾರ್ಸೆಲ್ ಬಂತು. ಹಣ್ಣು ಮಾತ್ರ ಆರಿಸಿ, ಕಣದಲ್ಲಿ ಬೇರೆಯಾಗಿ ಒಣಗಿಸಿ, ಮೂಡಿಗೆರೆಯಲ್ಲಿ ಹುರಿಸಿದ ಎರಡು ಕಿಲೋ ಬೀಜ. ಬಟ್ಟೆಚೀಲದ ಮೇಲೆ ನೀಲಿ ಶಾಯಿಯಲ್ಲಿ ಊರ ಹೆಸರು, ತೋಟದ ಹೆಸರು, ಕೊಯ್ದ ತಿಂಗಳು ಬರೆದಿತ್ತು. ಮಗಳು ಅದನ್ನು ತರಿತರಿಯಾಗಿ ಬೀಸಿದಳು. ಅಪ್ಪ ಮೊದಲು ಮೂಸಿದರು, ಆಮೇಲೆ ಚಮಚದಿಂದ ಎಳೆದರು. ಕಹಿ ಹೆಚ್ಚು, ಹುಳಿ ಕಡಿಮೆ, ಕೊನೆಯಲ್ಲಿ ಬೆಲ್ಲದಂಥ ಒಂದು ರುಚಿ ಎಂದು ಹಳೆಯ ಡೈರಿಯಲ್ಲಿ ಬರೆದಿಟ್ಟರು.

ತೋಟದ ಕಾಗದಪತ್ರ ಇನ್ನೂ ಅವರ ಬೀರುವಿನಲ್ಲಿದೆ. ರುಜು ಹಾಕಿಲ್ಲ, ಹಾಕುವುದಿಲ್ಲ ಎಂದೂ ಹೇಳಿಲ್ಲ. ಗಿಂಡಿಯ ಕಚೇರಿಗೆ ಹೋಗಿ ಅಧಿಕೃತ ಬಳಕೆದಾರರ ಅರ್ಜಿ ನಮೂನೆ ತಂದಿದ್ದಾರೆ. ಅದೂ ಅದೇ ಬೀರುವಿನಲ್ಲಿ, ಅದೇ ಫೈಲಿನಲ್ಲಿದೆ.